ಇಸಿಜಿ ಕೊಟ್ಟ ಮೇಷ್ಟ್ರು – ವಿಲ್ಲೆಮ್ ಐಂಥೋವೆನ್

ಇಸಿಜಿ ಕಾಗದವನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಮನೆಯಲ್ಲಿ ಹಿರಿಯರಿದ್ದರೆ ಅವರ ಫೈಲಿನಲ್ಲಿ ಒಂದೆರಡು ಇದ್ದೇ ಇರುತ್ತವೆ. ತಿಳಿಗುಲಾಬಿ ಬಣ್ಣದ ಚೌಕಳಿ, ಅದರ ಮೇಲೆ ಏರಿ ಇಳಿಯುವ ಕಪ್ಪು ಗೆರೆ. ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಅಂಕಿ ಇರುತ್ತವೆ: ಸೆಕೆಂಡಿಗೆ 25 ಮಿಲಿಮೀಟರ್, ಮಿಲಿವೋಲ್ಟಿಗೆ 10 ಮಿಲಿಮೀಟರ್. ಮುಂಬಯಿಯ ದೊಡ್ಡ ಆಸ್ಪತ್ರೆಯಾಗಲಿ, ನಮ್ಮೂರ ಕಡೆಯ ತಾಲ್ಲೂಕು ಆಸ್ಪತ್ರೆಯಾಗಲಿ, ಸಾಮಾನ್ಯವಾಗಿ ಇದೇ ಅಳತೆ. ಇದನ್ನು ನೂರು ವರ್ಷಕ್ಕೂ ಹಿಂದೆ ಗೊತ್ತುಮಾಡಿದವರು ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲ್ಲೆಮ್ ಐಂಥೋವೆನ್.

ನಾನು ವೈದ್ಯೆಯಲ್ಲ. ಎಂಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದವಳು, ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ಪಾಠಗಳಲ್ಲಿ ಇಸಿಜಿ ಬರೀ ಒಂದು ಉದಾಹರಣೆ, ಗದ್ದಲ ತೆಗೆದು ಸಿಗ್ನಲ್ ಉಳಿಸಿಕೊಳ್ಳುವುದಕ್ಕೆ ಕೊಡುವ ಲೆಕ್ಕ. ಆ ಸಿಗ್ನಲ್ಲನ್ನು ಮೊದಲು ಸರಿಯಾಗಿ ಹಿಡಿದವರು ಯಾರು ಎಂದು ಕುತೂಹಲಕ್ಕೆ ಓದಲು ಹೊರಟೆ. ಓದುತ್ತಾ ಹೋದಂತೆ ಆ ಮನುಷ್ಯನ ಮೇಲೆ ಅಭಿಮಾನವೇ ಬಂತು.

ಐಂಥೋವೆನ್ ಹುಟ್ಟಿದ್ದು ಯುರೋಪಿನಲ್ಲಲ್ಲ. ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದ ಸೆಮರಾಂಗ್ ಎಂಬ ಊರಿನಲ್ಲಿ, 1860ರ ಮೇ 21ರಂದು. ಇವತ್ತಿನ ಇಂಡೋನೇಷ್ಯಾ. ತಂದೆ ಯಾಕೋಬ್ ಸೈನ್ಯದಲ್ಲಿ ವೈದ್ಯರಾಗಿದ್ದು ಆಮೇಲೆ ಸೆಮರಾಂಗಿನಲ್ಲಿ ವೈದ್ಯರಾಗಿ ನೆಲೆಸಿದವರು. ತಾಯಿ ಲೂಯಿಸ್ ಡಿ ವೋಗೆಲ್, ಅಲ್ಲಿನ ಹಣಕಾಸು ಇಲಾಖೆಯ ದೊಡ್ಡ ಅಧಿಕಾರಿಯ ಮಗಳು. ಮೂರು ಹೆಣ್ಣು, ಮೂರು ಗಂಡು, ಒಟ್ಟು ಆರು ಮಕ್ಕಳು. ವಿಲ್ಲೆಮ್ ಮೂರನೆಯವನು, ಗಂಡುಮಕ್ಕಳಲ್ಲಿ ಹಿರಿಯ. ಅವನಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು.

ಮುಂದಿನ ನಾಲ್ಕು ವರ್ಷ ಲೂಯಿಸ್ ಅಲ್ಲೇ ಇದ್ದರು. 1870ರಲ್ಲಿ ಆರೂ ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ ಹಾಲೆಂಡಿಗೆ ಬಂದು ಉಟ್ರೆಕ್ಟ್ ನಗರದಲ್ಲಿ ಮನೆ ಮಾಡಿದರು. ವಿಜ್ಞಾನಿಗಳ ಜೀವನಚರಿತ್ರೆಗಳಲ್ಲಿ ಇಂಥ ತಾಯಂದಿರಿಗೆ ಒಂದೇ ಒಂದು ವಾಕ್ಯ ಸಿಗುತ್ತದೆ. ಲೂಯಿಸ್ ಅವರಿಗೂ ಅಷ್ಟೇ ಸಿಕ್ಕಿದೆ. ಗಂಡನಿಲ್ಲದ ಹೆಂಗಸು, ಆರು ಮಕ್ಕಳು, ಭೂಮಿಯ ಅರ್ಧ ಸುತ್ತು ದಾಟುವ ಪ್ರಯಾಣ! ಮಕ್ಕಳ ಓದಿಗಾಗಿ ಊರು ಬಿಟ್ಟು ಊರು ಸೇರಿದ ನಮ್ಮಂಥವರಿಗೆ ಆ ಒಂದು ವಾಕ್ಯದ ಹಿಂದೆ ಎಷ್ಟೆಲ್ಲ ಇದ್ದಿರಬಹುದೆಂದು ಬೇರೆ ಹೇಳಬೇಕಿಲ್ಲ.

ಹುಡುಗ 1878ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ವೈದ್ಯಕೀಯ ಓದಲು ಸೇರಿದ. ಅಪ್ಪನ ದಾರಿಯಲ್ಲೇ ಹೋಗುವ ಯೋಚನೆ. ಓದಿನಷ್ಟೇ ಆಟದ ಹುಚ್ಚೂ ಇತ್ತು. ಕಸರತ್ತು ಮತ್ತು ಕತ್ತಿವರಸೆ ಸಂಘದ ಅಧ್ಯಕ್ಷ, ವಿದ್ಯಾರ್ಥಿಗಳ ದೋಣಿ ಸ್ಪರ್ಧೆಯ ಕ್ಲಬ್ ಕಟ್ಟಿದವರಲ್ಲಿ ಒಬ್ಬ. ಒಮ್ಮೆ ಆಡುವಾಗ ಮಣಿಕಟ್ಟು ಮುರಿಯಿತು. ಕೈ ಕಟ್ಟಿಸಿಕೊಂಡು ಮನೆಯಲ್ಲಿ ಕೂರಬೇಕಾಗಿ ಬಂದಾಗ, ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವಾಗ ಮೊಣಕೈ ಕೀಲು ಹೇಗೆ ಕೆಲಸ ಮಾಡುತ್ತದೆ ಎಂದು ಯೋಚಿಸಲು ಶುರುಮಾಡಿದ. 1882ರಲ್ಲಿ ಅದೇ ಅವನ ಮೊದಲ ಸಂಶೋಧನಾ ಲೇಖನವಾಯಿತು.

ಆ ದಿನಗಳಲ್ಲಿ ಅವನು ಸಹಾಯಕನಾಗಿದ್ದುದು ಕಣ್ಣಿನ ಡಾಕ್ಟರ್ ಸ್ನೆಲೆನ್ ಅವರ ಬಳಿ. ಕನ್ನಡಕದ ಅಂಗಡಿಯಲ್ಲಿ ದೊಡ್ಡ ಅಕ್ಷರದಿಂದ ಚಿಕ್ಕ ಅಕ್ಷರಕ್ಕೆ ಓದಿಸುತ್ತಾರಲ್ಲ, ಆ ಪಟ್ಟಿ ಮಾಡಿದ ಸ್ನೆಲೆನ್ ಇವರೇ. ಆಮೇಲೆ ಡಾಂಡರ್ಸ್ ಎಂಬ ಹೆಸರಾಂತ ಶರೀರಶಾಸ್ತ್ರಜ್ಞರ ಮಾರ್ಗದರ್ಶನದಲ್ಲಿ, ಬೇರೆ ಬೇರೆ ಬಣ್ಣಗಳು ಕಣ್ಣಿಗೆ ಹತ್ತಿರ ದೂರವಾಗಿ ಏಕೆ ಕಾಣುತ್ತವೆ ಎಂಬುದರ ಮೇಲೆ 1885ರಲ್ಲಿ ಡಾಕ್ಟರೇಟ್. ಅದೇ ವರ್ಷ ಲೈಡನ್ ವಿಶ್ವವಿದ್ಯಾಲಯ ಅವರನ್ನು ಶರೀರಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಆರಿಸಿತು. ವಯಸ್ಸು 25. 1886ರಲ್ಲಿ ವೈದ್ಯರಾಗಿ ಅರ್ಹತೆ ಪಡೆದು ಕೆಲಸಕ್ಕೆ ಸೇರಿಕೊಂಡರು, ಅದೇ ವರ್ಷ ಸೋದರಸಂಬಂಧಿ ಫ್ರೆಡೆರಿಕ್ ಡಿ ವೋಗೆಲ್ ಅವರನ್ನು ಮದುವೆಯಾದರು. ನಾಲ್ಕು ಮಕ್ಕಳಾದರು. ಕೊನೆಯ ಮಗಳು ಜೊಹಾನಾ ಮುಂದೆ ವೈದ್ಯೆಯಾದಳು. ಲೈಡನ್ ಬಿಟ್ಟು ಐಂಥೋವೆನ್ ಬೇರೆಡೆ ಕೆಲಸಕ್ಕೆ ಹೋಗಲಿಲ್ಲ, ಸಾಯುವವರೆಗೂ ಅದೇ ಹುದ್ದೆ.

1889ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಶರೀರಶಾಸ್ತ್ರಜ್ಞರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಲಂಡನ್ನಿನ ಆಗಸ್ಟಸ್ ವಾಲರ್ ಒಂದು ಪ್ರಯೋಗ ತೋರಿಸಿದರು. ಹೃದಯ ಬಡಿಯುವಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು, ಎದೆ ಕೊಯ್ಯದೆ, ಚರ್ಮದ ಮೇಲಿಂದಲೇ ಹಿಡಿಯಬಹುದು ಎಂದು ಅವರು 1887ರಲ್ಲೇ ತೋರಿಸಿದ್ದರು. ವಾಲರ್ ಬಳಿ ಜಿಮ್ಮಿ ಎಂಬ ಬುಲ್‌ಡಾಗ್ ಇತ್ತು. ಅದರ ಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ಇರಿಸಿ ಗೆರೆ ತೆಗೆಯುತ್ತಿದ್ದರು. 1909ರಲ್ಲಿ ಲಂಡನ್ನಿನಲ್ಲಿ ಈ ಪ್ರದರ್ಶನ ನಡೆದಾಗ ಪ್ರಾಣಿಹಿಂಸೆಯೆಂದು ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೇ ಎದ್ದಿತ್ತಂತೆ! ಉಪ್ಪುನೀರಿನಲ್ಲಿ ಕಾಲಿಟ್ಟು ನಿಂತ ನಾಯಿಗೆ ಏನೂ ಆಗಿರಲಿಲ್ಲ ಬಿಡಿ. ಆದರೆ ಇದು ಆಸ್ಪತ್ರೆಯಲ್ಲಿ ದೊಡ್ಡದಾಗಿ ಬಳಕೆಗೆ ಬಂದೀತು ಎಂಬ ನಂಬಿಕೆ ವಾಲರ್‌ಗೇ ಇರಲಿಲ್ಲ.

ನಂಬಿಕೆ ಬರದಿರಲು ಕಾರಣವಿತ್ತು. ಆಗ ಬಳಸುತ್ತಿದ್ದ ಉಪಕರಣದಲ್ಲಿ ಒಂದು ಸಪೂರ ಗಾಜಿನ ಕೊಳವೆ, ಅದರಲ್ಲಿ ಪಾದರಸ, ಅದರ ಮೇಲೆ ಗಂಧಕಾಮ್ಲ. ವಿದ್ಯುತ್ ಹರಿದಾಗ ಪಾದರಸದ ಮಟ್ಟ ಒಂದಿಷ್ಟು ಅಲುಗುತ್ತದೆ. ಅದರ ನೆರಳನ್ನು ಚಲಿಸುವ ಫೋಟೋ ಫಲಕದ ಮೇಲೆ ಹಿಡಿಯಬೇಕು. ಪಾದರಸ ಭಾರವಾದ ವಸ್ತು, ನಿಧಾನ. ಹೃದಯದ ವಿದ್ಯುತ್ ಅಲೆ ಬಂದು ಹೋಗಿಯೇ ಬಿಟ್ಟಿರುತ್ತದೆ, ಪಾದರಸ ಇನ್ನೂ ಏರುತ್ತಿರುತ್ತದೆ. ಜ್ವರ ಬಂದ ಮಗುವಿನ ಕಂಕುಳಲ್ಲಿ ಹಳೇ ಥರ್ಮಾಮೀಟರ್ ಇಟ್ಟು ಐದೇ ಸೆಕೆಂಡಿಗೆ ತೆಗೆದರೆ ಏನು ತೋರಿಸೀತು? ಹಾಗೆ. ಚೂಪಾದ ಶಿಖರಗಳೆಲ್ಲ ಮೊಂಡಾಗಿ, ಎರಡೇ ಎರಡು ದಿಬ್ಬ ಕಾಣುತ್ತಿದ್ದವು. ಸಾಲದ್ದಕ್ಕೆ ಲೈಡನ್ನಿನ ಪ್ರಯೋಗಶಾಲೆ ಹಳೆಯ ಕಟ್ಟಡ. ಹೊರಗೆ ಕಲ್ಲು ಹಾಸಿದ ಬೀದಿಯಲ್ಲಿ ಕುದುರೆಗಾಡಿ ಹೋದರೆ ಒಳಗೆ ಪಾದರಸ ನಡುಗುತ್ತಿತ್ತು. ಐಂಥೋವೆನ್ ನೆಲ ಅಗೆಸಿ ಕಲ್ಲು ತುಂಬಿಸಿ ನೋಡಿದರು.

ಕೊನೆಗೆ ಅವರು ಕೈಹಾಕಿದ್ದು ಗಣಿತಕ್ಕೆ. ವೈದ್ಯಕೀಯ ಓದಿದವರಿಗೆ ಆ ಕಾಲದಲ್ಲಿ ಕ್ಯಾಲ್ಕುಲಸ್ ಬೇಕಿರಲಿಲ್ಲ, ಐಂಥೋವೆನ್ ತಾವೇ ಕೂತು ಕಲಿತವರು. ಗೊತ್ತಿರುವ ಒಂದು ವೋಲ್ಟೇಜ್ ಕೊಟ್ಟಾಗ ಪಾದರಸ ಎಷ್ಟು ಹೊತ್ತಿಗೆ ಎಷ್ಟು ಏರುತ್ತದೆ ಎಂದು ಮೊದಲು ಅಳೆದರು. ಉಪಕರಣದ ಸೋಮಾರಿತನದ ಅಳತೆ ಸಿಕ್ಕಿದ ಮೇಲೆ, ಮೊಂಡು ಗೆರೆಯ ಒಂದೊಂದು ಬಿಂದುವಿನಲ್ಲೂ ಎತ್ತರ ಮತ್ತು ಇಳಿಜಾರು ಎರಡನ್ನೂ ಲೆಕ್ಕ ಹಾಕಿ, ನಿಜವಾದ ಗೆರೆ ಹೇಗಿರಬೇಕೆಂದು ಕೈಯಲ್ಲಿ ಬರೆದರು. ಇವತ್ತು ನಾವು ನಾಲ್ಕು ಸಾಲು ಕೋಡ್ ಬರೆದು ಮಾಡುವ ಕೆಲಸ ಇದು. ಅವರು ಪೆನ್ಸಿಲ್ ಹಿಡಿದು ಬಿಂದು ಬಿಂದುವಿಗೂ ಮಾಡಿದರು.

ಹಾಗೆ 1895ರಲ್ಲಿ ಬಂದ ಸರಿಪಡಿಸಿದ ಗೆರೆಯಲ್ಲಿ ಐದು ತಿರುವುಗಳಿದ್ದವು. ಮೊಂಡು ಗೆರೆಗೆ ಎ, ಬಿ, ಸಿ, ಡಿ ಎಂದು ಗುರುತು ಹಾಕಿದ್ದರಿಂದ ಇದಕ್ಕೆ ಬೇರೆ ಅಕ್ಷರ ಬೇಕಿತ್ತು. ಪಿ, ಕ್ಯೂ, ಆರ್, ಎಸ್, ಟಿ ಎಂದು ಹಾಕಿದರು. ವಕ್ರರೇಖೆಯ ಬಿಂದುಗಳಿಗೆ ಪಿ ಇಂದ ಮುಂದಿನ ಅಕ್ಷರ ಹಾಕುವ ರೂಢಿ ಗಣಿತದಲ್ಲಿ ಡೆಕಾರ್ಟ್ ಕಾಲದಿಂದ ಇದೆ, ಅದೇ ಕಾರಣವಿರಬಹುದು ಎಂದು ಬಹಳ ಜನರ ಊಹೆ.

ಈ ಐದು ಅಕ್ಷರಗಳ ಅರ್ಥ ತಿಳಿದುಕೊಂಡರೆ ಇಸಿಜಿಯ ಅರ್ಧ ತಿಳಿದಂತೆ. ಹೃದಯದ ಬಲ ಮೇಲ್ಭಾಗದಲ್ಲಿ ಒಂದು ಸಣ್ಣ ಗಂಟು ಇದೆ, ಬಡಿತದ ಆಜ್ಞೆ ಹೊರಡುವುದು ಅಲ್ಲಿಂದ. ಆಜ್ಞೆ ಮೇಲಿನ ಎರಡು ಕೋಣೆಗಳಲ್ಲಿ ಹರಡುವಾಗ ಪಿ ಎಂಬ ಸಣ್ಣ ಗುಡ್ಡ ಮೂಡುತ್ತದೆ. ಮೇಲಿನ ಕೋಣೆಗಳಿಗೂ ಕೆಳಗಿನವಕ್ಕೂ ನಡುವೆ ಇನ್ನೊಂದು ಗಂಟು ಇದೆ. ಅಲ್ಲಿ ಆಜ್ಞೆ ಕ್ಷಣಕಾಲ ತಡೆಯುತ್ತದೆ, ಮೇಲಿನ ರಕ್ತ ಕೆಳಕ್ಕೆ ಇಳಿದು ತುಂಬಿಕೊಳ್ಳಲಿ ಎಂದು. ಪಿ ಆದಮೇಲೆ ಕಾಣುವ ಸಮತಟ್ಟು ಗೆರೆ ಇದೇ. ಆಮೇಲೆ ಎರಡು ಕವಲಾಗಿ ಇಳಿಯುವ ನಾರುಗಳ ಮೂಲಕ ಕೆಳಗಿನ ದೊಡ್ಡ ಕೋಣೆಗಳಿಗೆ ಒಮ್ಮೆಗೇ ಹರಡುತ್ತದೆ. ಕ್ಯೂ-ಆರ್-ಎಸ್ ಎಂಬ ಚೂಪು ಶಿಖರ ಆಗಿನದು. ಕೊನೆಯ ಟಿ ಗುಡ್ಡ ಎಂದರೆ ಸ್ನಾಯು ಮುಂದಿನ ಬಡಿತಕ್ಕೆ ಮತ್ತೆ ಅಣಿಯಾಗುವ ಹೊತ್ತು.

ತಮಾಷೆಯೆಂದರೆ ಐಂಥೋವೆನ್ ಅಕ್ಷರ ಬರೆದಾಗ ಈ ಎರಡು ಗಂಟುಗಳು ಇರುವುದೇ ಯಾರಿಗೂ ತಿಳಿದಿರಲಿಲ್ಲ. ನಡುವಿನ ಗಂಟನ್ನು ಜಪಾನಿನ ತವಾರಾ 1906ರಲ್ಲಿ, ಮೇಲಿನದನ್ನು ಇಂಗ್ಲೆಂಡಿನ ಕೀತ್ ಮತ್ತು ಫ್ಲ್ಯಾಕ್ 1907ರಲ್ಲಿ ವಿವರಿಸಿದರು. ಗೆರೆ ಮೊದಲು ಬಂತು, ಅದರ ಅರ್ಥ ಹಿಂದಿನಿಂದ ಬಂತು.

ಲೆಕ್ಕ ಹಾಕಿ ತೆಗೆದ ಗೆರೆ ಎಷ್ಟು ಸರಿಯಿದ್ದರೂ ರೋಗಿಯ ಪಕ್ಕ ಕೂತು ಬಳಸಲು ಆಗುವುದಿಲ್ಲ. ಲೆಕ್ಕವೇ ಬೇಡದಂಥ ಉಪಕರಣ ಬೇಕಿತ್ತು. ಐಂಥೋವೆನ್ ಮಾಡಿದ್ದು ತಂತಿಯ ಗ್ಯಾಲ್ವನೋಮೀಟರ್. ತತ್ತ್ವ ನಮ್ಮ ಮಿಕ್ಸಿಯ ಮೋಟಾರಿನದೇ: ಆಯಸ್ಕಾಂತದ ನಡುವೆ ಇರುವ ತಂತಿಯಲ್ಲಿ ವಿದ್ಯುತ್ ಹರಿದರೆ ತಂತಿ ಪಕ್ಕಕ್ಕೆ ಸರಿಯುತ್ತದೆ. ಹೃದಯದಿಂದ ಚರ್ಮಕ್ಕೆ ಬರುವ ವೋಲ್ಟೇಜ್ ಒಂದು ವೋಲ್ಟಿನ ಸಾವಿರದಲ್ಲಿ ಒಂದು ಭಾಗದ ಆಸುಪಾಸು. ಅದಕ್ಕೆ ಅಲುಗಬೇಕಾದರೆ ತಂತಿ ಎಷ್ಟು ಹಗುರವಿರಬೇಕು! ಲೋಹದ ತಂತಿ ಸಾಲದು. ಕ್ವಾರ್ಟ್ಜ್ ಶಿಲೆಯನ್ನು ಕರಗಿಸಿ, ಅದನ್ನು ಬಾಣದ ಹಿಂಬದಿಗೆ ಅಂಟಿಸಿ, ಬಿಲ್ಲಿನಿಂದ ಬಾಣ ಹೊಡೆಯುವುದು. ಬಾಣ ಹಾರುತ್ತಾ ಹೋದಂತೆ ಕರಗಿದ ಶಿಲೆ ನೂಲಾಗಿ ಎಳೆಯಾಗುತ್ತದೆ, ಕೂದಲಿಗಿಂತ ಎಷ್ಟೋ ಪಟ್ಟು ಸಪೂರ. ಅದರ ಮೇಲೆ ಬೆಳ್ಳಿಯ ಲೇಪ. ಎಳೆ ಪಾಕ ನೋಡುವ ನಮಗೆ ಇದರ ಕಷ್ಟ ಸ್ವಲ್ಪ ಅರ್ಥವಾದೀತು.

ತಂತಿ ಅಷ್ಟು ಹಗುರ, ಉಳಿದದ್ದೆಲ್ಲ ಭಾರ. ವಿದ್ಯುತ್ಕಾಂತಗಳು ಕಾಯುತ್ತಿದ್ದುದರಿಂದ ನೀರು ಹರಿಸಿ ತಣ್ಣಗಿಡಬೇಕಿತ್ತು. ಒಟ್ಟು ತೂಕ ಸುಮಾರು 270 ಕಿಲೋ, ಎರಡು ಕೋಣೆ ತುಂಬುವಷ್ಟು, ನಡೆಸಲು ಐದು ಜನ. ರೋಗಿ ಎರಡೂ ಕೈ ಮತ್ತು ಎಡಗಾಲನ್ನು ಉಪ್ಪುನೀರು ತುಂಬಿದ ಜಾಡಿಗಳಲ್ಲಿ ಇಟ್ಟು ಕೂರಬೇಕು. ಪ್ರಖರ ದೀಪದ ಬೆಳಕಿನಲ್ಲಿ ತಂತಿಯ ನೆರಳು ಮಸೂರಗಳ ಮೂಲಕ ಹಾಯ್ದು ಚಲಿಸುವ ಫೋಟೋ ಫಲಕದ ಮೇಲೆ ಬೀಳುತ್ತಿತ್ತು. ಫಲಕ ಸೆಕೆಂಡಿಗೆ 25 ಮಿಲಿಮೀಟರ್ ಸರಿಯಬೇಕು, ಒಂದು ಮಿಲಿವೋಲ್ಟಿಗೆ ನೆರಳು 10 ಮಿಲಿಮೀಟರ್ ಅಲುಗಬೇಕು ಎಂದು ಗೊತ್ತುಮಾಡಿದ್ದು ಇಲ್ಲಿ. ಹೀಗೆ ಗೊತ್ತುಮಾಡದಿದ್ದರೆ ಒಂದು ಊರಿನ ಗೆರೆಯನ್ನು ಇನ್ನೊಂದು ಊರಿನ ಡಾಕ್ಟರ್ ಓದಲು ಆಗುತ್ತಿರಲಿಲ್ಲ. ಇವತ್ತಿಗೂ ಕಾಗದದ ಒಂದು ಸಣ್ಣ ಚೌಕ ಎಂದರೆ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ, ಐದು ಸಣ್ಣ ಚೌಕಗಳ ಒಂದು ದೊಡ್ಡ ಚೌಕ ಎಂದರೆ ಸೆಕೆಂಡಿನ ಐದನೇ ಒಂದು ಭಾಗ. ಎರಡು ಆರ್ ಶಿಖರಗಳ ನಡುವೆ ಎಷ್ಟು ದೊಡ್ಡ ಚೌಕ ಇವೆಯೋ ಎಣಿಸಿ, 300ನ್ನು ಅದರಿಂದ ಭಾಗಿಸಿ. ನಾಲ್ಕು ಚೌಕ ಇದ್ದರೆ ನಿಮಿಷಕ್ಕೆ 75 ಬಡಿತ. ಬಡಿತ ಸಮನಾಗಿದ್ದರೆ ಮನೆಯಲ್ಲೇ ಲೆಕ್ಕ ಹಾಕಬಹುದು.

ಹೊಸ ಯಂತ್ರದ ಬಗ್ಗೆ ಅವರು ಮೊದಲು ಬರೆದದ್ದು 1901ರಲ್ಲಿ. ಅದು ತೆಗೆದ ಗೆರೆಯನ್ನು ಹಳೆಯ ಲೆಕ್ಕದ ಗೆರೆಯ ಪಕ್ಕ ಇಟ್ಟು ನೋಡಿದರೆ, ಎರಡೂ ಒಂದೇ. ಪೆನ್ಸಿಲ್ಲಿನಲ್ಲಿ ಬರೆದ ಪಿ, ಕ್ಯೂ, ಆರ್, ಎಸ್, ಟಿ ಎಲ್ಲ ಅಲ್ಲಿದ್ದವು. ಅವರ ಇಡೀ ಜೀವನದಲ್ಲಿ ನನಗೆ ಅತಿ ಇಷ್ಟವಾದ ಘಟ್ಟ ಇದು. ನೊಬೆಲ್ ಬಂದದ್ದಕ್ಕಿಂತಲೂ.

ಇಂಥ ತಂತಿಯ ಉಪಾಯವನ್ನು ಸಮುದ್ರದಡಿಯ ಟೆಲಿಗ್ರಾಫಿಗಾಗಿ ಫ್ರಾನ್ಸಿನ ಎಂಜಿನಿಯರ್ ಕ್ಲೆಮಾಂ ಅಡೇರ್ 1897ರಲ್ಲೇ ಮಾಡಿದ್ದರು. ಹೃದಯದ ಅಲೆಯನ್ನು ಅಳೆಯುವಷ್ಟು ನಯವಾಗಿ ಅದನ್ನು ಮಾಡಿದ್ದು ಮಾತ್ರ ಐಂಥೋವೆನ್.

ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿಲ್ಲ. ನಡೆಯಲಾರದ ರೋಗಿಗಳನ್ನು ಪ್ರಯೋಗಶಾಲೆಗೆ ತರುವಂತೆಯೂ ಇಲ್ಲ. ಹಾಗಾಗಿ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿ ಎಳೆಸಿದರು. ರೋಗಿಯ ಕೈಕಾಲು ಆಸ್ಪತ್ರೆಯ ಜಾಡಿಯಲ್ಲಿ, ಅವನ ಹೃದಯದ ಗೆರೆ ಪ್ರಯೋಗಶಾಲೆಯ ಫಲಕದ ಮೇಲೆ. 1905ರ ಮಾರ್ಚ್ 22ರಂದು ಮೊದಲ ಬಾರಿ ಹೀಗೆ ತೆಗೆದದ್ದು ಆರೋಗ್ಯವಂತನಾದ ಒಬ್ಬ ಗಟ್ಟಿ ಆಳಿನ ಇಸಿಜಿ. ಆರ್ ಶಿಖರ ಬಹಳ ಎತ್ತರವಿತ್ತು. ಆ ಆಸಾಮಿ ಪ್ರಯೋಗಶಾಲೆಯಿಂದ ಆಸ್ಪತ್ರೆಗೆ ಸೈಕಲ್ ತುಳಿದುಕೊಂಡು ಹೋಗಿದ್ದೇ ಅದಕ್ಕೆ ಕಾರಣ ಎಂದುಕೊಂಡರು. ಹಾಲೆಂಡ್ ಅಲ್ಲವೇ!

ಟೆಲಿಮೆಡಿಸಿನ್ ಎಂದು ಈಗ ನಾವು ಹೊಸದಾಗಿ ಹೇಳುವುದು ಇದೇ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ನಡೆಯುತ್ತಿರುವ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯವರು ಕೂತಲ್ಲೇ ನೋಡುತ್ತಾರೆ. ಹೃದಯಾಘಾತವೆಂದು ಕಂಡರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಕೊಡುತ್ತಾರೆ. ಊರಿನಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಇಲ್ಲಿ ಕೂತಿರುವ ನಮಗೆಲ್ಲ ಇದು ತಿಳಿದಿರಲಿ.

ಆ ತಂತಿಯಲ್ಲಿ ಬಂದ ಗೆರೆಗಳನ್ನು ಒಟ್ಟುಮಾಡಿ 1906ರಲ್ಲಿ ಐಂಥೋವೆನ್ ಒಂದು ದೊಡ್ಡ ಲೇಖನ ಬರೆದರು. ಸಹಜ ಗೆರೆ ಹೇಗಿರುತ್ತದೆ, ರೋಗವಿದ್ದರೆ ಹೇಗಿರುತ್ತದೆ ಎಂದು ಜೋಡಿಸಿ ತೋರಿಸಿದ್ದು ಅದೇ ಮೊದಲು. ಅದರಲ್ಲಿದ್ದ ಒಂದು, ಪೂರ್ತಿ ಹಾರ್ಟ್ ಬ್ಲಾಕ್. ಈ ಮಾತನ್ನು ನಾವು ತಪ್ಪಾಗಿ ಬಳಸುತ್ತೇವೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಿದರೂ 'ಬ್ಲಾಕ್' ಎನ್ನುತ್ತೇವೆ, ವಿದ್ಯುತ್ ದಾರಿ ಕೆಟ್ಟರೂ 'ಬ್ಲಾಕ್' ಎನ್ನುತ್ತೇವೆ. ಮೊದಲನೆಯದು ನಲ್ಲಿಯ ಪೈಪು ಕಟ್ಟಿದ ಹಾಗೆ, ಎರಡನೆಯದು ವೈರಿಂಗ್ ಹೋದ ಹಾಗೆ. ಹಾರ್ಟ್ ಬ್ಲಾಕ್ ಎಂದು ಇಸಿಜಿ ಓದುವವರು ಹೇಳುವುದು ವೈರಿಂಗಿನ ವಿಷಯ. ಪಿ ಶುರುವಾದಲ್ಲಿಂದ ಕ್ಯೂ-ಆರ್-ಎಸ್ ಶುರುವಾಗುವವರೆಗೆ ಒಂದು ದೊಡ್ಡ ಚೌಕಕ್ಕಿಂತ ಹೆಚ್ಚು ಹಿಡಿದರೆ ನಡುವಿನ ಗಂಟಿನ ಬಳಿ ಆಜ್ಞೆ ತಡವಾಗುತ್ತಿದೆ ಎಂದರ್ಥ, ಇದು ಮೊದಲ ಹಂತ. ಎರಡನೇ ಹಂತದಲ್ಲಿ ಕೆಲವು ಪಿಗಳ ಹಿಂದೆ ಶಿಖರವೇ ಬರುವುದಿಲ್ಲ. ಪೂರ್ತಿ ಬ್ಲಾಕಿನಲ್ಲಿ ಪಿಗಳು ತಮ್ಮ ಪಾಡಿಗೆ, ಶಿಖರಗಳು ಇನ್ನೂ ನಿಧಾನವಾಗಿ ತಮ್ಮ ಪಾಡಿಗೆ ಸಾಗುತ್ತವೆ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ನಾಡಿ ತೀರಾ ನಿಧಾನವಾಗಿ ವಯಸ್ಸಾದವರು ಇದ್ದಕ್ಕಿದ್ದಂತೆ ತಲೆಸುತ್ತಿ ಬೀಳುವುದಕ್ಕೆ ಇದೂ ಒಂದು ಕಾರಣ, ಪೇಸ್‌ಮೇಕರ್ ಹಾಕುವುದು ಇದಕ್ಕೆ. ಇನ್ನು ಕ್ಯೂ-ಆರ್-ಎಸ್ ಮೂರು ಸಣ್ಣ ಚೌಕದಷ್ಟು ಅಥವಾ ಅದಕ್ಕಿಂತ ಅಗಲವಾದರೆ, ಕೆಳಗಿಳಿಯುವ ಎಡ ಅಥವಾ ಬಲ ಕವಲಿನಲ್ಲಿ ತಡೆ ಇರಬಹುದು. ವರದಿಯಲ್ಲಿ ಬಂಡಲ್ ಬ್ರಾಂಚ್ ಬ್ಲಾಕ್ ಎಂದು ಬರೆಯುವುದು ಅದನ್ನೇ.

ಯಂತ್ರವನ್ನು ಮಾರಾಟಕ್ಕೆ ತಯಾರಿಸಲು ಮೊದಲು ಮ್ಯೂನಿಕ್‌ನ ಎಡೆಲ್‌ಮನ್ ಒಪ್ಪಿಕೊಂಡರು, ಸ್ವಲ್ಪ ಕಾಲ ಗೌರವಧನ ಕೊಟ್ಟು ಆಮೇಲೆ ನಿಲ್ಲಿಸಿದರು. ಆಮೇಲೆ ಕೈಹಾಕಿದ್ದು ಇಂಗ್ಲೆಂಡಿನ ಕೇಂಬ್ರಿಜ್ ಉಪಕರಣ ಕಂಪನಿ. ಅದನ್ನು ನಡೆಸುತ್ತಿದ್ದವರು ಹೊರೇಸ್ ಡಾರ್ವಿನ್, ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನರ ಮಗ. 1911ರ ಹೊತ್ತಿಗೆ ಯಂತ್ರ ಮೇಜಿನ ಮೇಲೆ ಕೂರುವಷ್ಟಾಯಿತು. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಅದನ್ನು ಬಳಸಿ ಬಡಿತ ತಪ್ಪುವ ರೋಗಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು. ಐಂಥೋವೆನ್ ಮತ್ತು ಲೂಯಿಸ್ ನಡುವೆ ವರ್ಷಾನುಗಟ್ಟಲೆ ಪತ್ರವ್ಯವಹಾರ ನಡೆಯಿತು. ಒಬ್ಬರಿಗೆ ಯಂತ್ರ ಗೊತ್ತು, ಇನ್ನೊಬ್ಬರಿಗೆ ರೋಗಿ ಗೊತ್ತು.

ಬಲಗೈ, ಎಡಗೈ, ಎಡಗಾಲು ಈ ಮೂರನ್ನು ಎರಡೆರಡಾಗಿ ಜೋಡಿಸಿದರೆ ಮೂರು ಗೆರೆ ಸಿಗುತ್ತವೆ. ಇವುಗಳ ನಡುವೆ ಹೃದಯವನ್ನು ಇಟ್ಟು ಐಂಥೋವೆನ್ 1912ರ ಸುಮಾರಿಗೆ ಒಂದು ತ್ರಿಕೋನ ಬರೆದರು. ಒಂದನೇ ಮತ್ತು ಮೂರನೇ ಗೆರೆಯ ಎತ್ತರ ಕೂಡಿಸಿದರೆ ಎರಡನೆಯದು ಬರಲೇಬೇಕು. ಹೃದಯದ ವಿದ್ಯುತ್ ಒಟ್ಟಾರೆ ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ಈ ತ್ರಿಕೋನದಿಂದ ಹೇಳಬಹುದು. ಎರಡೂ ಕೈಯ ಕ್ಲಿಪ್ ಅದಲುಬದಲಾದರೆ ಒಂದನೇ ಗೆರೆ ತಲೆಕೆಳಗಾಗಿ ಬರುತ್ತದೆ, ಅನುಭವಿ ನರ್ಸ್ ನೋಡಿದ ಕೂಡಲೇ ಹಿಡಿಯುತ್ತಾರೆ.

ಇಷ್ಟೆಲ್ಲ ಮಾಡಿದ ಐಂಥೋವೆನ್ ಗೆರೆಯಲ್ಲಿ ಹೃದಯಾಘಾತವನ್ನು ಗುರುತಿಸಿದವರಲ್ಲ. ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೂ ಮನುಷ್ಯ ಬದುಕಬಲ್ಲ, ಅದನ್ನು ಬದುಕಿದ್ದಾಗಲೇ ಗುರುತಿಸಬಹುದು ಎಂದು ಅಮೆರಿಕದ ಜೇಮ್ಸ್ ಹೆರಿಕ್ ಬರೆದದ್ದೇ 1912ರಲ್ಲಿ. 1920ರಲ್ಲಿ ಹೆರಾಲ್ಡ್ ಪಾರ್ಡಿ ಆ ಹೊತ್ತಿನ ಇಸಿಜಿಯ ಗುರುತನ್ನು ತೋರಿಸಿಕೊಟ್ಟರು. ಎಸ್ ಮುಗಿದು ಟಿ ಶುರುವಾಗುವವರೆಗಿನ ಭಾಗ ಸಾಮಾನ್ಯವಾಗಿ ಸಮತಟ್ಟಾಗಿರುತ್ತದೆ. ರಕ್ತ ಪೂರ್ತಿ ನಿಂತು ಸ್ನಾಯು ಸಾಯತೊಡಗಿದಾಗ ಈ ಭಾಗ ಮೇಲಕ್ಕೆ ಎದ್ದು ಟಿ ಜೊತೆ ಸೇರಿಕೊಳ್ಳುತ್ತದೆ. ಎಸ್‌ಟಿ ಎದ್ದಿದೆ ಎಂದು ಡಾಕ್ಟರುಗಳು ಗಡಿಬಿಡಿ ಮಾಡುವುದು ಇದಕ್ಕೇ. ಆದರೆ ಕೈಕಾಲಿನ ಮೂರು ಗೆರೆಗೆ ಹೃದಯದ ಮುಂಭಾಗ ಸರಿಯಾಗಿ ಕಾಣುತ್ತಿರಲಿಲ್ಲ. ಎದೆಯ ಮೇಲೆ ಆರು ಕಡೆ ಅಂಟಿಸುವ ಪದ್ಧತಿ ಐಂಥೋವೆನ್ ತೀರಿಕೊಂಡ ಮೇಲೆ, 1930ರ ದಶಕದಲ್ಲಿ ಬಂತು. 1942ರಲ್ಲಿ ಗೋಲ್ಡ್‌ಬರ್ಗರ್ ಇನ್ನೂ ಮೂರು ಸೇರಿಸಿ ಹನ್ನೆರಡು ಗೆರೆಯ ಇಂದಿನ ಇಸಿಜಿ ಪೂರ್ತಿಯಾಯಿತು.

ಗೆಳತಿಯರೇ, ನಮಗೆ ಸಂಬಂಧಪಟ್ಟದ್ದು ಇಲ್ಲಿ ಸಾಕಷ್ಟಿದೆ, ಸ್ವಲ್ಪ ನಿಲ್ಲುತ್ತೇನೆ. ಹೆಂಗಸರಿಗೂ ಹೃದಯಾಘಾತದಲ್ಲಿ ಎದೆನೋವೇ ಹೆಚ್ಚು. ಆದರೆ ಅದರ ಜೊತೆಗೆ, ಅಥವಾ ಅದಿಲ್ಲದೆಯೂ, ಉಸಿರು ಕಟ್ಟುವುದು, ದವಡೆ ಬೆನ್ನು ನೋವು, ವಾಕರಿಕೆ, ಕಾರಣವಿಲ್ಲದ ವಿಪರೀತ ಸುಸ್ತು ಗಂಡಸರಿಗಿಂತ ಹೆಚ್ಚಾಗಿ ಕಾಣುತ್ತವೆ. ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದು, ರಾತ್ರಿಯ ಅಡುಗೆ ಮುಗಿಸಿ ಮಲಗಿಬಿಡುತ್ತೇವೆ. ಗೆರೆ ತೆಗೆಸದೇ ಇದ್ದರೆ ಅದು ಏನನ್ನು ತಾನೇ ಹೇಳೀತು? ಇಂಥ ತೊಂದರೆಯಿಂದ ಆಸ್ಪತ್ರೆಗೆ ಹೋದರೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ವೈದ್ಯರೇ ಮಾಡಿಕೊಂಡ ನಿಯಮ. ಕೇಳಲು ಹಿಂಜರಿಯಬೇಡಿ. ಮೊದಲ ಇಸಿಜಿ ಸರಿಯಿದೆ ಎಂದಮಾತ್ರಕ್ಕೆ ಹೃದಯಾಘಾತ ಇಲ್ಲವೆಂದಲ್ಲ. ನೋವು ಮುಂದುವರಿದರೆ ಮತ್ತೆ ಮತ್ತೆ ತೆಗೆಯಬೇಕು, ಟ್ರೊಪೋನಿನ್ ಎಂಬ ರಕ್ತಪರೀಕ್ಷೆಯೂ ಬೇಕು.

ಇನ್ನೊಂದು. ಎದೆಯ ಆರು ಪ್ಯಾಚುಗಳಿಗೂ ನಿಗದಿಯಾದ ಜಾಗವಿದೆ, ನಾಲ್ಕನೇ ಮತ್ತು ಐದನೇ ಪಕ್ಕೆಲುಬಿನ ಸಂದು ಲೆಕ್ಕಕ್ಕೆ ಇಟ್ಟುಕೊಂಡು. ಸಂಕೋಚಕ್ಕೆ ಬಟ್ಟೆ ಸರಿಸದೆ ಎಲ್ಲೆಲ್ಲೋ ಅಂಟಿಸಿದರೆ ಗೆರೆಯೇ ಬದಲಾಗುತ್ತದೆ, ಇಲ್ಲದ ರೋಗ ಕಾಣಬಹುದು, ಇರುವುದು ಮರೆಯಾಗಬಹುದು. ಮಹಿಳಾ ಸಿಬ್ಬಂದಿ ಬೇಕೆಂದು ಕೇಳಿ, ಪರದೆ ಎಳೆಯಿರೆನ್ನಿ, ಆದರೆ ಪ್ಯಾಚ್ ಸರಿಯಾದ ಜಾಗದಲ್ಲಿ ಚರ್ಮಕ್ಕೇ ಅಂಟಬೇಕು. ಎಸ್‌ಟಿ ಎಷ್ಟು ಎದ್ದರೆ ಹೃದಯಾಘಾತ ಎನ್ನುವ ಅಳತೆಯೂ ನಮಗೆ ಬೇರೆ. ಎದೆಯ ಎರಡನೇ, ಮೂರನೇ ಪ್ಯಾಚಿನಲ್ಲಿ ನಲವತ್ತು ದಾಟಿದ ಗಂಡಸರಿಗೆ 2 ಮಿಲಿಮೀಟರ್, ಅದಕ್ಕಿಂತ ಚಿಕ್ಕವರಿಗೆ 2.5, ಹೆಂಗಸರಿಗೆ 1.5. ಅರ್ಧ ಮಿಲಿಮೀಟರ್ ಎಂದರೆ ಅರ್ಧ ಸಣ್ಣ ಚೌಕ. ಅಷ್ಟು ಸಣ್ಣದು ಲೆಕ್ಕಕ್ಕೆ ಬರಬೇಕಾದರೆ ಗೆರೆ ಎಷ್ಟು ನಿಖರವಿರಬೇಕೆಂದು ಯೋಚಿಸಿದಾಗ, ಪಾದರಸದ ಮೊಂಡು ದಿಬ್ಬಗಳಿಗೆ ತೃಪ್ತರಾಗದ ಆ ಮೇಷ್ಟ್ರ ಹಟ ನನಗೆ ಅರ್ಥವಾಗುತ್ತದೆ.

1924ರಲ್ಲಿ ಅವರಿಗೆ ವೈದ್ಯಕೀಯದ ನೊಬೆಲ್ ಬಂತು. ಆಗ ಅವರು ಅಮೆರಿಕದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದರು, ನೊಬೆಲ್ ಉಪನ್ಯಾಸ ಕೊಟ್ಟದ್ದು ಮರುವರ್ಷ ಡಿಸೆಂಬರಿನಲ್ಲಿ. ಬಹುಮಾನದ ಹಣದ ಬಗ್ಗೆ ಒಂದು ಕಥೆ ಹೇಳುತ್ತಾರೆ. ತಂತಿಯ ಯಂತ್ರ ಕಟ್ಟುವಾಗ ಜೊತೆಗಿದ್ದ ಫಾನ್ ಡೆರ್ ವೂರ್ಡ್ ಎಂಬ ಸಹಾಯಕನನ್ನು ಐಂಥೋವೆನ್ ಹುಡುಕಿಕೊಂಡು ಹೋದರಂತೆ. ಅವನು ಆಗಲೇ ತೀರಿಕೊಂಡಿದ್ದ. ಬಡತನದಲ್ಲಿದ್ದ ಅವನ ಇಬ್ಬರು ಸೋದರಿಯರು ಸಿಕ್ಕರು, ಹಣದಲ್ಲಿ ಅರ್ಧ ಅವರಿಗೆ ಕೊಟ್ಟು ಬಂದರಂತೆ. ಕಥೆಯಲ್ಲಿ ಎಷ್ಟು ನಿಜವೋ, ಅವರನ್ನು ಬಲ್ಲವರು ನಂಬುವಂತಿತ್ತು ಎಂಬುದಂತೂ ನಿಜ.

ಮಗ ವಿಲ್ಲೆಮ್ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದ. ತಂತಿಯನ್ನು ಗಾಳಿಯಿಲ್ಲದ ಕೊಳವೆಯೊಳಗೆ ಇಟ್ಟು ಇನ್ನೂ ಚುರುಕು ಮಾಡಿದವನು ಅವನೇ. ಕೊನೆಯ ವರ್ಷಗಳಲ್ಲಿ ಅಪ್ಪ ಮಗ ಸೇರಿ ಆ ತಂತಿಯಿಂದ ರೇಡಿಯೋ ಸಂದೇಶ ಹಿಡಿಯುವ ಕೆಲಸಕ್ಕೆ ಇಳಿದರು. ಸಂದೇಶ ಬರುತ್ತಿದ್ದುದು ಮಲಬಾರ್ ಎಂಬ ಕೇಂದ್ರದಿಂದ. ನಮ್ಮ ಕೇರಳದ ಮಲಬಾರ್ ಅಲ್ಲ, ಜಾವಾ ದ್ವೀಪದ ಬಾಂಡುಂಗ್ ಬಳಿಯ ಬೆಟ್ಟ. ಹತ್ತು ವರ್ಷದ ಹುಡುಗನಾಗಿದ್ದಾಗ ತಾಯಿಯ ಜೊತೆ ಹಡಗಿನಲ್ಲಿ ಬಿಟ್ಟು ಬಂದ ದ್ವೀಪದಿಂದ ಬರುವ ಅಲೆಗಳನ್ನು ಲೈಡನ್ನಿನಲ್ಲಿ ಕೂತು, ತಮ್ಮದೇ ತಂತಿಯ ನಡುಕದಲ್ಲಿ ನೋಡುತ್ತಿದ್ದರು.

ಐಂಥೋವೆನ್ 1927ರ ಸೆಪ್ಟೆಂಬರ್ ಕೊನೆಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 67. ಲೈಡನ್ನಿನ ಪಕ್ಕದ ಊಗ್ಸ್ಟ್‌ಗೀಸ್ಟ್ ಎಂಬ ಊರಿನ ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ.